ಬೇರೆ ತಲೆಯ ಅಳತೆ

ನಮ್ಮ ಮನೆಗೆ ಹೊಸದಾಗಿ ಏನು ಬಂದರೂ ಅದನ್ನು ಪಳಗಿಸುವ ಕೆಲಸ ನನ್ನ ಪಾಲಿನದು. ಯಾರೂ ಒಪ್ಪಿಸಿದ್ದಲ್ಲ, ಮದುವೆಯಾಗಿ ಬಂದ ವರ್ಷವೇ ಅಂಟಿಕೊಂಡಿತು. ನನ್ನ ಗಂಡನ ಹೊಸ ಕೊಲ್ಹಾಪುರಿ ಚಪ್ಪಲಿಗೆ ಹರಳೆಣ್ಣೆ ಉಣಿಸಿ, ಒಂದು ವಾರ ನಾನೇ ಅದನ್ನು ಮೆಟ್ಟಿಕೊಂಡು ಮನೆಯೊಳಗೆ ತಿರುಗಾಡಿ, ಬೆರಳು ಕಚ್ಚುವ ಚಾಳಿ ಬಿಡಿಸಿದ ಮೇಲೆಯೇ ಅವರು ಅದರಲ್ಲಿ ಕಾಲಿಡುವುದು. ಹೊಸ ಹಂಚಾದರೆ ಎಣ್ಣೆ ಸವರಿ ಕಾಯಿಸಿ, ಉಳ್ಳಾಗಡ್ಡಿ ತಿಕ್ಕಿ, ಮೊದಲ ಮೂರು ರೊಟ್ಟಿ ಕಾಗೆಗೆ ಹಾಕಿ, ನಾಲ್ಕನೆಯದು ತಾಟಿಗೆ. ಹೀಗಾಗಿ ಹೆಡ್‌ಫೋನು ಬಂದಾಗಲೂ ಅದು ಮೊದಲು ನನ್ನ ತಲೆಯನ್ನೇ ಹತ್ತಿತು.

ಹೆಡ್‌ಫೋನು ಬಂದದ್ದು ಅವರ ಸಲುವಾಗಿ. ನಾವು ಧಾರವಾಡದ ಕಡೆಯವರು, ಅವರ ಬ್ಯಾಂಕಿನ ನೌಕರಿಯಿಂದ ಆಂಧ್ರಕ್ಕೆ ಬಂದವರು. ಮೊದಲು ಐದು ವರ್ಷ ವಿಜಯವಾಡದಲ್ಲೇ ಎಲ್ಲರೂ ಕೂಡಿ ಇದ್ದೆವು. ಆಮೇಲೆ ಅವರನ್ನು ವಿಶಾಖಪಟ್ಟಣದ ಗಾಜುವಾಕ ಶಾಖೆಗೆ ಹಾಕಿದರು. ಮಗಳು ಆಗತಾನೇ ಇಂಟರ್ ಸೇರಿದ್ದಳು, ನಮ್ಮ ಕಡೆಯ ಪಿಯುಸಿ. ನಡುವೆ ಕಾಲೇಜು ಬದಲಿಸುವುದು ಬೇಡವೆಂದು ನಾನೂ ಅವಳೂ ವಿಜಯವಾಡದ ಪಟಮಟದ ಮನೆಯಲ್ಲೇ ಉಳಿದೆವು. ಅವರು ಗಾಜುವಾಕದಲ್ಲಿ ಒಂದು ಹಳೆಯ ಮನೆಯ ಅರ್ಧ ಭಾಗ ಬಾಡಿಗೆಗೆ ಹಿಡಿದರು. ಇನ್ನರ್ಧದಲ್ಲಿ ಮನೆಯ ಮಾಲೀಕರು. ಪರವಾಡದ ಔಷಧಿ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ ಮಾಡುವ ಮಗ, ಬಟ್ಟೆ ಅಂಗಡಿಗೆ ಹೋಗುವ ಸೊಸೆ, ಮತ್ತೆ ಅವನ ತಾಯಿ. ಎರಡು ಭಾಗಗಳ ನಡುವೆ ಒಂದೇ ಗೋಡೆ, ಆ ಗೋಡೆಯ ಆಚೆ ಟಿವಿ.

ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ. ಆ ಎರಡು ಸಲ ಅವರು ವಿಜಯವಾಡಕ್ಕೆ ಬರುತ್ತಿದ್ದರು. ಉಳಿದ ದಿನ ಫೋನು. ಫೋನಿನಲ್ಲಿ ಬರುವುದು ಒಂದೇ ತಕರಾರು.

"ಊಟ ಆತೇನ್ರಿ?" ಎಂದು ನಾನು ಕೇಳಿದರೆ, "ಊಟದ್ದ ಬಿಡು. ಮನಿಯವರ ಟಿವಿ ಕೇಳ್ಸಾಕತ್ತೈತೇನ ನಿನಗ? ತಡಿ, ಫೋನ್ ಗ್ವಾಡಿಗೆ ಹಿಡೀತೀನಿ" ಎನ್ನುವರು.

"ಹೋಗಿ ಒಂದ ಮಾತ ಹೇಳ್ರಿ ಮತ್ತ."

"ಹೆಂಗ ಹೇಳೂದು? ಅವರ ಮನಿ, ಅವರ ಟಿವಿ. ಬಾಡಿಗಿ ಇರಾವ ನಾನು. ತಲಿ ಸಿಡಿದು ಹೋಗತೈತಿ ನೋಡು ಒಂದ ದಿನ."

ಎರಡನೆಯ ವರ್ಷ ಹಿಡಿದ ಮೇಲೆ ಅವರ ಬ್ಯಾಂಕಿನಲ್ಲಿ ವರ್ಗಾವಣೆ ಬೇಡಿ ಅರ್ಜಿ ಹಾಕಬಹುದು. ವರ್ಷಕ್ಕೊಂದು ಸಲ, ಒಂದೇ ತಿಂಗಳು ಕಂಪ್ಯೂಟರಿನಲ್ಲಿ ಆ ಅರ್ಜಿ ತೆರೆದಿರುತ್ತದೆ. ತಿಂಗಳು ದಾಟಿದರೆ ಮತ್ತೆ ಮುಂದಿನ ವರ್ಷದ ಮಾತು. ದಸರೆಯಲ್ಲಿ ಬಂದಾಗ, "ಅರ್ಜಿ ತೆರದ ದಿನಾನ ಹಾಕಿ ಒಗೀತೀನಿ, ಈ ಟಿವಿಯಿಂದ ಬಿಡುಗಡಿ ಆದ್ರ ಸಾಕು" ಎಂದಿದ್ದರು. ನಾನು ದಿನ ಎಣಿಸುತ್ತಿದ್ದೆ. ಗಂಡ ಒಂದೂರು, ಹೆಂಡತಿ ಒಂದೂರು ಎಂಬ ಸಂಸಾರ ಎರಡು ವರ್ಷಕ್ಕೆ ಸಾಕಾಗಿತ್ತು ನನಗೆ. ಅರ್ಜಿಯ ಗಡುವಿನ ತನಕ ಅವರ ತಲೆ ಉಳಿಯಲಿ ಎಂದು ಹೆಡ್‌ಫೋನಿನ ವಿಚಾರ ಬಂತು.

ಬೆಸೆಂಟ್ ರೋಡಿನ ಒಂದು ಅಂಗಡಿಯಲ್ಲಿ ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು ತೋರಿಸಿದರು. ಚಾರ್ಜ್ ಮಾಡುವುದನ್ನು ಅವರು ನೆನಪಿಡುವವರಲ್ಲವೆಂದು ವೈರಿನದ್ದೇ ಕೇಳಿದೆ. ಹಾಕಿ ನೋಡಿದರೆ ಕಪಾಲಕ್ಕೆ ಇಕ್ಕಳ ಹಾಕಿದ ಹಾಗೆ. "ಮೊದಟ್ಲೋ ಟೈಟುಗಾನೇ ಉಂಟುಂದಿ ಮೇಡಂ" ಎಂದ ಅಂಗಡಿಯವ, ಮೊದಮೊದಲು ಬಿಗಿಯಾಗಿಯೇ ಇರುತ್ತದೆ ಎಂದು. ಬಿಗಿಯಿದ್ದರೆ ಹೊಸದು ಅನ್ನುತ್ತಾರೆ, ಸಡಿಲಿದ್ದರೆ ಆರಾಮು ಅನ್ನುತ್ತಾರೆ. ಅಂಗಡಿಯವರ ಬಾಯಲ್ಲಿ ಕೆಟ್ಟ ಸಾಮಾನು ಅಂತ ಒಂದಿಲ್ಲ. ಡಬ್ಬಿಯ ಮೇಲಿನ ಅಂಟು ಯಾರಾದರೂ ಕಿತ್ತು ಮತ್ತೆ ಹಚ್ಚಿದ್ದಾರೇನೋ ಎಂದು ಬೆಳಕಿಗೆ ಹಿಡಿದು ನೋಡಿಯೇ ತಂದೆ.

ಮನೆಗೆ ಬಂದರೆ ಮಗಳದ್ದು ಬೇರೆ ಉಪದೇಶ. ಅವಳು ಹತ್ತು ವರ್ಷದವಳಿದ್ದಾಗಿನಿಂದ ವಿಜಯವಾಡದಲ್ಲೇ ಬೆಳೆದವಳು, ಕನ್ನಡ ಆಡುವುದು ನಮ್ಮಿಬ್ಬರ ಜೊತೆ ಮಾತ್ರ, ಅದರಲ್ಲೂ ತೆಲುಗು ಇಣುಕುತ್ತದೆ, 'ಅಲ್ವಾ' ಅನ್ನುವಲ್ಲಿ 'ಕದಾ'.

"ಮಮ್ಮೀ, ಹಂಗೇ ಡ್ಯಾಡಿಗೆ ಕೊಡಬ್ಯಾಡ. ನಲವತ್ತು ಗಂಟೆ ಆಡಿಸ್ಬೇಕು ಕದಾ. ಆಮೇಲೆ ಸೌಂಡ್ ಓಪನ್ ಆಗ್ತದೆ."

"ಯಾರ ಹೇಳಿದ್ರು?"

"ನೆಟ್‌ನಲ್ಲಿ ಅದೆ."

"ನೆಟ್ ಏನ್ ನಿನ್ನ ಸೋದರಮಾವನ? ಹಾಡ ಹಚ್ಚಿ ಇಟ್ರ ಅದೇನ್ ಕೂತ ಕಲೀತೈತಿ?"

ಹಾಗೆಂದರೂ ಮಾಡುವುದನ್ನು ಬಿಡಲಿಲ್ಲ. ಸುಳ್ಳಿದ್ದರೆ ನಷ್ಟವಿಲ್ಲ, ನಿಜವಿದ್ದರೆ ಮಾಡದವಳಿಗೆ ಕೆಟ್ಟ ಹೆಸರು. ಅಡಿಗೆಮನೆಯಲ್ಲಿ ಚುರುಮರಿಯ ಡಬ್ಬಿ ಒಂದಿದೆ, ಉರುಟು, ಅವರ ತಲೆಗಿಂತ ಒಂದು ಬೆರಳು ದಪ್ಪ. ಮಲಗುವ ಮುಂಚೆ ಹೆಡ್‌ಫೋನನ್ನು ಆ ಡಬ್ಬಿಗೆ ತೊಡಿಸಿಟ್ಟರೆ ಬೆಳಿಗ್ಗೆಗೆ ಬಾಗು ಒಂದಿಷ್ಟು ಸಡಿಲ. ಹಗಲು ನಾನೇ ಹಾಕಿಕೊಂಡು ನನ್ನ ಫೋನಿನಲ್ಲಿ ವಚನ ಹಚ್ಚಿ ರೊಟ್ಟಿ ಬಡಿಯುತ್ತಿದ್ದೆ. ಒಲೆಯ ಕಾವಿಗೆ ಬೆವರಿ ಕಿವಿಮೆತ್ತೆಗಳು ಮೆತ್ತಗಾದವು. ಆದರೆ ಕಿವಿ ಮುಚ್ಚಿಕೊಂಡು ಕೆಲಸ ಮಾಡುವುದಿದೆಯಲ್ಲ, ಅದು ನನ್ನಂಥವಳಿಗೆ ಆಗಿಬರುವುದಿಲ್ಲ. ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗೆ. ನಿಮಿಷಕ್ಕೊಮ್ಮೆ ಹೊರಳಿ ನೋಡುವುದು. ಯಾರಿಲ್ಲವೆಂದು ಗೊತ್ತಾದ ಮೇಲೆ, ಇದ್ದವರು ಈಗತಾನೇ ಹೋದರೇನೋ ಎಂದು ಬಾಗಿಲು ನೋಡುವುದು. ಒಂದು ದಿನ ಕುಕ್ಕರಿನ ಸೀಟಿ ಎಷ್ಟಾಯಿತೋ ತಿಳಿಯದೆ ಬೇಳೆ ತಳ ಹಿಡಿಯಿತು. ಹನ್ನೊಂದು ದಿನ ಹೀಗೆ ಮಾಡಿದ ಮೇಲೆ ಅದು ಹಳೆಯ ಟೋಪಿಯಷ್ಟು ಹಗುರವಾಗಿ ತಲೆಗೆ ಕೂತಿತು.

ಬಾಗಿನ ಎರಡೂ ತುದಿಯಲ್ಲಿ ಒಂದೊಂದು ಉಕ್ಕಿನ ಪಟ್ಟಿ, ಎಳೆದರೆ ಟಿಕ್ ಟಿಕ್ ಎಂದು ಒಂದೊಂದೇ ಹಲ್ಲು ಹೊರಗೆ ಬರುತ್ತದೆ. ಅವರ ತಲೆ ನಮ್ಮ ವಂಶದಲ್ಲೇ ದೊಡ್ಡದು. ನಾಲ್ಕನೆಯ ಶನಿವಾರ ಬಂದಾಗ ಹಾಕಿ ನೋಡಿದರೆ ಎರಡೂ ಕಡೆ ಆರನೆಯ ಹಲ್ಲಿಗೆ ಸರಿಯಾಯಿತು. ನನ್ನದು ಐದು, ಮಗಳದು ನಾಲ್ಕು. ಇದನ್ನೆಲ್ಲ ಯಾಕೆ ನೆನಪಿಟ್ಟೆ ಎಂದರೆ, ಹನ್ನೊಂದು ದಿನ ಒಂದು ಸಾಮಾನಿನ ಜೊತೆ ಬದುಕಿದವರು ನೆನಪಿಡುತ್ತಾರೆ.

ಅವರು ಹೆಡ್‌ಫೋನು ತೆಗೆದುಕೊಂಡು ಗಾಜುವಾಕಕ್ಕೆ ಹೋದರು. ಅದಾಗಿ ನಾಲ್ಕೈದು ದಿನಕ್ಕೆ ತಕರಾರು ನಿಂತಿತು.

"ಟಿವಿ ಹೆಂಗೈತ್ರಿ?"

"ಏನಿಲ್ಲ, ಈಗ ಆರಾಮ."

"ಹೆಡ್‌ಫೋನ್ ಹಾಕ್ಕೊಂತೀರಿ?"

"ಹ್ಞಾಂ... ಉಪಯೋಗ ಆಗೇತಿ."

ಉಪಯೋಗ ಆಗೇತಿ. ಯಾರಾದರೂ ಹೀಗೆ ಮಾತಾಡುತ್ತಾರೆಯೇ? ಹಾಕಿಕೊಳ್ಳುತ್ತೀರಾ ಎಂದು ಕೇಳಿದರೆ ಹೌದು ಅನ್ನಬೇಕು, ಇಲ್ಲ ಅನ್ನಬೇಕು. ಅಲ್ಲದೆ ದನಿಯಲ್ಲಿ ಒಂದು ಹದ ಬಂದಿತ್ತು, ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡವರ ದನಿ. ಎರಡು ವರ್ಷ ದಿನಾ ನರಳಿದ ಮನುಷ್ಯ ಐದು ದಿನದಲ್ಲಿ ಆರಾಮಾದರೆ ಸಂತೋಷಪಡಬೇಕಿತ್ತು. ನಾನು ಸಂಶಯಪಟ್ಟೆ. ಅರ್ಜಿ ತೆರೆದಿದೆಯೇ ಎಂದು ಕೇಳಿದೆ. "ತೆರದಾರ. ಹಾಕೂಣಂತ" ಎಂದರು. ತೆರೆದ ದಿನವೇ ಹಾಕುತ್ತೇನೆ ಎಂದವರು ಈಗ ಹಾಕೋಣಂತೆ ಅನ್ನುತ್ತಿದ್ದಾರೆ.

ಎರಡನೆಯ ಶನಿವಾರ ಬಂದರು. ರೈಲಿನಲ್ಲಿ ಕೇಳಲಿಕ್ಕೆಂದು ಹೆಡ್‌ಫೋನು ಚೀಲದಲ್ಲಿತ್ತು. ಮೆತ್ತೆ ಒರೆಸಿಡೋಣವೆಂದು ತೆಗೆದೆ. ಕೈಗೆ ತಗೊಂಡ ಕೂಡಲೇ ಗೊತ್ತಾಯಿತು, ಬಾಗು ಚಿಕ್ಕದಾಗಿತ್ತು. ಎಣಿಸಿದೆ. ಎಡಕ್ಕೆ ಎರಡನೆಯ ಹಲ್ಲು, ಬಲಕ್ಕೆ ಮೂರನೆಯದು.

ಆರರ ತಲೆಗೆ ಎರಡು ಹೇಗೆ ಕೂರುತ್ತದೆ? ಮೆತ್ತೆ ಮೂಸಿದೆ. ನಮ್ಮ ಮನೆಯ ಕೊಬ್ಬರಿ ಎಣ್ಣೆಯಲ್ಲ. ನೋವಿಗೆ ಹಚ್ಚುವ ಬಾಮಿನ ವಾಸನೆ, ಅದರ ಕೆಳಗೆ ಯಾವುದೋ ಹೂವಿನದ್ದು.

"ಇದನ್ನ ಯಾರ ಹಾಕ್ಕೊಂಡಿದ್ರು?" ಎಂದೆ, ಒರೆಸುತ್ತಲೇ.

ಅವರು ಪೇಪರಿನಿಂದ ತಲೆಯೆತ್ತಲಿಲ್ಲ. "ಯಾರ ಹಾಕ್ಕೊಂತಾರ? ಬ್ಯಾಗಿನ್ಯಾಗ ಸರದಿರಬೇಕು."

ಅವರು ಸ್ನಾನಕ್ಕೆ ಹೋದಾಗ ಆರಕ್ಕೆ ಎಳೆದು, ಅದೇ ಚೀಲದಲ್ಲಿ ಹಾಕಿ, ಮೇಲೆ ಮಗಳ ಭೌತಶಾಸ್ತ್ರದ ಪುಸ್ತಕ ಹೇರಿ, ಚೀಲವನ್ನು ಹಾಲಿನಿಂದ ಅಡಿಗೆಮನೆಗೆ ಹತ್ತು ಸಲ ಹೊತ್ತು ತಿರುಗಿದೆ. ಒಂದು ಹಲ್ಲೂ ಸರಿಯಲಿಲ್ಲ. ಹನ್ನೊಂದು ದಿನ ಪಳಗಿದ ಸಾಮಾನು ಅಷ್ಟು ಹಗುರಾಗಿ ಮೋಸ ಮಾಡುವುದಿಲ್ಲ. ಅವರು ಹೊರಗೆ ಬಂದಾಗ ನಾನು ಬೆವರಿದ್ದೆ. "ಏನ್ ಮಾಡಾಕತ್ತಿದ್ದಿ?" ಎಂದರು. "ಏನಿಲ್ಲ, ಕಸಾ ಹೊಡದೆ" ಎಂದೆ. ನಾನೂ ಸುಳ್ಳು ಹೇಳಿದೆನಲ್ಲ ಎಂದು ಒಂದು ಗಳಿಗೆ ಅನ್ನಿಸಿತು, ಆದರೆ ಅವರ ಸುಳ್ಳು ನನ್ನದಕ್ಕಿಂತ ಮೊದಲಿನದು.

ಅವರು ಹೋದ ಮೇಲೆ ನನಗೆ ತಲೆಗಳದ್ದೇ ಧ್ಯಾನ. ಪಟಮಟದಿಂದ ಸಿಟಿ ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನವರ ತಲೆ ಎಷ್ಟನೆಯ ಹಲ್ಲಿನದು ಎಂದು ನೋಡುವುದು. ಗಂಡಸರಲ್ಲಿ ಎರಡರವರು ಸಿಗಲೇ ಇಲ್ಲ. ಹೆಂಗಸರಲ್ಲಿ ತೀರಾ ಸಪೂರದವರು ಮೂರು. ಆಗ ಗಾಜುವಾಕದ ಮಾಲೀಕರ ಸೊಸೆ ನೆನಪಾದಳು. ಮನೆ ಹಿಡಿಯುವಾಗ ಒಮ್ಮೆ ನೋಡಿದ್ದೆ, ಕಡ್ಡಿಯಂಥ ಹೆಂಗಸು, ಜಡೆಯಲ್ಲಿ ಕನಕಾಂಬರ, ಮುಖ ಅಂಗೈಯಷ್ಟು. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವಳು ಬಾಮು ಹಚ್ಚಿಕೊಳ್ಳದೆ ಇನ್ನೇನು? ಗಂಡನಿಗೆ ಶಿಫ್ಟು, ವಾರಗಟ್ಟಲೆ ಹೊರಗೇ. ಲೆಕ್ಕ ಎಲ್ಲ ಕಡೆಯಿಂದಲೂ ಕೂಡಿಬಂದು ಒಂದೇ ಮನೆ ಬಾಗಿಲಿಗೆ ನಿಂತಿತು. ಅಷ್ಟು ಚೆಂದ ಕೂಡಿಬರುವ ಲೆಕ್ಕ ನಂಬಬಾರದೆಂದು ಗೊತ್ತಿದ್ದರೂ ನಂಬಿದೆ.

ಅರ್ಜಿಯ ಕೊನೆಯ ದಿನ ಹತ್ತಿರ ಬಂತು. ದಿನಾ ಕೇಳುತ್ತಿದ್ದೆ, ದಿನಾ ಒಂದೊಂದು ಉತ್ತರ. ನಿನ್ನೆ ಸರ್ವರ್ ಇರಲಿಲ್ಲ. ಇವತ್ತು ಮೇಲಿನ ಸಾಹೇಬರು ರಜೆ. ನಾಲ್ಕನೆಯ ಶನಿವಾರದ ಹಿಂದಿನ ದಿನ, "ಈ ಸಲ ಬರಾಕ ಆಗೂದಿಲ್ಲ, ಆಡಿಟ್ ಐತಿ" ಎಂದರು. ರಜೆಯ ದಿನ ಆಡಿಟ್. ಅರ್ಜಿಗೆ ಉಳಿದದ್ದು ಇನ್ನು ಮೂರೇ ದಿನ.

ಶನಿವಾರ ಮಗಳು ಕಾಲೇಜಿಗೆ ಹೊರಡುವಾಗಲೇ ಬೀಗದ ಕೈ ಪಕ್ಕದ ಮನೆಯವರಿಗೆ ಕೊಟ್ಟು ನಾನೂ ಹೊರಟೆ.

"ಎಲ್ಲಿಗೆ ಮಮ್ಮೀ?"

"ನಿಮ್ಮ ಡ್ಯಾಡಿ ಆಡಿಟ್ ಮಾಡಾಕ."

ಬೆಳಗಿನ ರೈಲು ಹಿಡಿದು ಮಧ್ಯಾಹ್ನ ದುವ್ವಾಡದಲ್ಲಿ ಇಳಿದೆ. ಅಲ್ಲಿಂದ ಗಾಜುವಾಕಕ್ಕೆ ಆಟೋ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮಾತು ಜೋಡಿಸುತ್ತಿದ್ದೆ. ಮೊದಲು ಅವಳಿಗೆ ಏನನ್ನಬೇಕು, ತೆಲುಗಿನಲ್ಲೋ ಕನ್ನಡದಲ್ಲೋ. ಸಿಟ್ಟು ಬಂದರೆ ನನಗೆ ತೆಲುಗು ಬರುವುದಿಲ್ಲ.

ಗೇಟು ತೆರೆದು ಒಳಗೆ ಹೋದರೆ ಅವರ ಭಾಗದ ಬಾಗಿಲಿಗೆ ಬೀಗ. ಪಕ್ಕದ ಬಾಗಿಲಿನ ಮುಂದೆ ಅವರ ಕೊಲ್ಹಾಪುರಿ ಚಪ್ಪಲಿ, ನಾನೇ ಎಣ್ಣೆ ಉಣಿಸಿದ್ದು, ಒಂದರ ಪಕ್ಕ ಒಂದು ಒಪ್ಪವಾಗಿ ಬಿಟ್ಟಿದ್ದರು. ಮನೆಯಲ್ಲಿ ಎಂದೂ ಹಾಗೆ ಬಿಟ್ಟವರಲ್ಲ. ಒಳಗಿನಿಂದ ಒಂದು ಸದ್ದಿಲ್ಲ. ಗೋಡೆ ನಡುಗಿಸುವ ಟಿವಿ ಎಂದು ಎರಡು ವರ್ಷ ಕೇಳಿದ್ದೆನಲ್ಲ, ಅದರ ಪಿಸುಮಾತೂ ಇಲ್ಲ. ಆ ಮೌನದಲ್ಲಿ ಇದ್ದಕ್ಕಿದ್ದ ಹಾಗೆ ನನ್ನ ಗಂಡ ನಕ್ಕರು. ಅವರ ಜೊತೆಗೆ ಒಂದು ಹೆಂಗಸಿನ ನಗು.

ಬಾಗಿಲು ಅರ್ಧ ತೆರೆದಿತ್ತು. ತಳ್ಳಿದೆ.

ಟಿವಿ ಹತ್ತಿತ್ತು, ಚಿತ್ರ ಓಡುತ್ತಿತ್ತು, ದನಿ ಇಲ್ಲ. ಎದುರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಲುಂಗಿ ಉಟ್ಟ ನನ್ನ ಗಂಡ, ಕಿವಿಯಲ್ಲಿ ಬಿಳಿ ವೈರಿನ ಸಣ್ಣ ಇಯರ್‌ಫೋನು. ಇನ್ನೊಂದರಲ್ಲಿ ಮಾಲೀಕರ ತಾಯಿ, ಎಂಬತ್ತು ದಾಟಿದ ಮುದುಕಿ, ಕೊಬ್ಬರಿ ಗಿಟಕಿನಷ್ಟು ತಲೆ, ಬಲಕ್ಕೆ ವಾಲಿದ ಚಿಕ್ಕ ತುರುಬು, ತುರುಬಿಗೆ ಒಂದು ತುಣುಕು ಮಲ್ಲಿಗೆ. ಆ ತಲೆಯ ಮೇಲೆ ನನ್ನ ಹೆಡ್‌ಫೋನು. ಇಬ್ಬರ ವೈರೂ ಒಂದು ಕವಲಿಗೆ ಸೇರಿ ಟಿವಿಯ ಬದಿಗೆ ಹೋಗಿದ್ದವು. ಇಬ್ಬರೂ ಒಂದೇ ಜೋಕಿಗೆ ನಗುತ್ತಿದ್ದರು, ನನಗೆ ಕೇಳದ ಜೋಕಿಗೆ.

ಮೊದಲು ನೋಡಿದವಳು ಮುದುಕಿ. ಕಿವಿ ಮುಚ್ಚಿಕೊಂಡವರು ಕೂಗಿಯೇ ಮಾತಾಡುತ್ತಾರೆ. "ಎವರಮ್ಮಾ? ಏಮಿ ಕಾವಾಲಿ?" ಎಂದು ಓಣಿಗೆಲ್ಲ ಕೇಳುವ ಹಾಗೆ ಅರಚಿದಳು, ಯಾರು, ಏನು ಬೇಕು ಎಂದು.

ನನ್ನ ಗಂಡ ಹೊರಳಿ ನೋಡಿ ಧಡಕ್ಕನೆ ಎದ್ದರು. ಕಿವಿಯಲ್ಲಿದ್ದ ವೈರು ಬಿಗಿದು, ಕವಲು ಟಿವಿಯಿಂದ ಕಿತ್ತು ಬಂತು. ಅಷ್ಟೇ ತಡ, ಟಿವಿ ಬಾಯಿಬಿಟ್ಟಿತು. ಅದೆಂಥ ದನಿ! ಯಾವಳೋ ಅತ್ತಿಗೆ ಯಾರನ್ನೋ ಬೈಯುತ್ತಿದ್ದಳು, ಕಿಟಕಿಯ ಸರಳು ಝಣಝಣ ಎಂದವು, ಗೂಡಿನಲ್ಲಿದ್ದ ಸ್ಟೀಲ್ ಲೋಟ ನಡುಗಿತು. ನನ್ನ ಎರಡೂ ಕೈ ಕಿವಿಗೆ ಹೋದವು. ಎರಡು ವರ್ಷ ಫೋನಿನಲ್ಲಿ ಕೇಳಿದ್ದು ಅರೆಕ್ಷಣದಲ್ಲಿ ಅರ್ಥವಾಯಿತು. ಅವರು ಓಡಿಹೋಗಿ ವೈರು ಮತ್ತೆ ಚುಚ್ಚಿದರು. ಮೌನ.

"ನೀ... ಹೆಂಗ ಬಂದಿ?"

"ರೈಲಿನ್ಯಾಗ. ಆಡಿಟ್ ಮುಗೀತೇನ್ರಿ?"

ಮುದುಕಿ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಮೀ ಆವಿಡಾ?" ನಿಮ್ಮ ಹೆಂಡತಿಯೇ ಎಂದು ಕೇಳಿ, ಅವರು ತಲೆಯಾಡಿಸುವ ಮೊದಲೇ, "ಸನ್ನಗಾ ಉಂಟುಂದನ್ನಾರು ಕದಾ!" ಎಂದಳು. ತೆಳ್ಳಗಿದ್ದಾಳೆ ಅಂದಿದ್ದಿರಲ್ಲ ಎಂದು. ಆಮೇಲೆ ನನ್ನ ಕೈ ಹಿಡಿದು ಅವರ ಕುರ್ಚಿಯಲ್ಲಿ ಕೂರಿಸಿ, ಡಬ್ಬಿಯಿಂದ ಚಕ್ಕುಲಿ ತೆಗೆದು ಮಡಿಲಿಗೆ ಹಾಕಿದಳು. ಆ ಕೈಗೆ ಬಾಮಿನ ವಾಸನೆ.

ಆದದ್ದು ಇಷ್ಟು. ನಾನು ಕಳಿಸಿದ ಹೆಡ್‌ಫೋನು ಹಾಕಿಕೊಂಡರೂ ಆ ಟಿವಿ ಗೋಡೆಯೊಳಗಿಂದ ನುಗ್ಗಿ ಬರುತ್ತಿತ್ತಂತೆ. ಐದನೆಯ ದಿನ ಇವರಿಗೆ ಹೊಳೆಯಿತು, ಕೇಳುವವನ ಕಿವಿಗಿಂತ ಹಚ್ಚುವವಳ ಕಿವಿಗೆ ಹಾಕಿದರೆ ಹೇಗೆ ಎಂದು. ಮುದುಕಿಗೆ ಕಿವಿ ಮಂದ. ಮಗ ಹಿಂದೆ ಒಂದು ತಂದುಕೊಟ್ಟಿದ್ದನಂತೆ, ತಲೆ ಹಿಂಡುತ್ತದೆ ಎಂದು ಎಸೆದಿದ್ದಳಂತೆ. "ಇದಾದ್ರ ಮೆತ್ತಗೈತಿ ಅಂತ ಹಾಕ್ಕೊಂಡ್ಳು. ನೀ ಪಳಗಿಸಿದ್ದಕ್ಕ" ಎಂದರು, ನನ್ನನ್ನು ಹೊಗಳಿದರೆ ಪಾರಾಗಬಹುದೆಂದು. ಅವಳಿಗೆ ವೈರು ಹಾಕಿಕೊಡಲು ದಿನಾ ಬಂದು, ಹತ್ತು ನಿಮಿಷ ಕೂತು, ಕತೆ ಏನೆಂದು ತಿಳಿದು, ಕೊನೆಗೆ ಕವಲು ತಂದು ತಮ್ಮ ಕಿವಿಗೂ ಒಂದು ಹಾಕಿಕೊಂಡಿದ್ದರು. ಪಳಗಿಸಿ ಕೊಟ್ಟದ್ದನ್ನು ಬೇರೆ ತಲೆಗೆ ಕೊಟ್ಟೆ ಎಂದರೆ ನಾನು ಬೈಯುವೆನೆಂದು ಮುಚ್ಚಿಟ್ಟಿದ್ದರಂತೆ.

ಅಂಗಡಿಯಲ್ಲಿ ನಿಂತು ದುಡಿಯುತ್ತಿದ್ದ ಆ ಸೊಸೆಯ ತಲೆಯನ್ನು ಹದಿನೈದು ದಿನ ಮನಸ್ಸಿನಲ್ಲೇ ಅಳೆದಿದ್ದೆ. ಚಕ್ಕುಲಿಯನ್ನು ಡಬ್ಬಿಗೆ ಮರಳಿಸಿದೆ. ಆದರೆ ಒಂದು ಸಂಶಯ ಸತ್ತಿತೆಂದು ಇನ್ನೊಂದು ಸಾಯಲಿಲ್ಲ. ಮುದುಕಿಗಾಗಿ ಆಡಿಟ್ ಎಂದು ಸುಳ್ಳು ಹೇಳಬೇಕಾಗಿರಲಿಲ್ಲ. ಅವರ ಭಾಗಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಕೇಳಿದೆ.

"ಅರ್ಜಿ ಹಾಕೀರೋ ಇಲ್ಲೋ?"

"ಇಲ್ಲ."

"ಯಾವಾಗ ಹಾಕವ್ರು?"

ಲುಂಗಿ ಸರಿಮಾಡಿಕೊಳ್ಳುತ್ತ ಹೊರಗೆ ನೋಡಿದರು. ಕಿಟಕಿಯ ಹೊರಗೆ ಕಂಪನಿಯ ಬಸ್ಸು ಬಂದು, ಶಿಫ್ಟಿನವರನ್ನು ಇಳಿಸಿ ಹೋಯಿತು.

"ನಿಮಗ ಬರಾಕ ಮನಸ್ಸಿಲ್ಲ."

"ಮನಸ್ಸಿಲ್ಲ ಅಂತಲ್ಲ" ಎಂದರು. ಆಮೇಲೆ ಮೆಲ್ಲಗೆ, "ಅಲ್ಲಿ ಬಂದ್ರ ನಾ ಎಲ್ಲಿ ಕೂಡ್ಲಿ?"

"ಎಲ್ಲಿ ಅಂದ್ರ? ನಿಮ್ಮ ಮನ್ಯಾಗ."

"ಮನ್ಯಾಗ ಎಲ್ಲಿ, ಹೇಳು. ಹಾಲಿನ್ಯಾಗ ಮಗಳ ಟೇಬಲ್. ರೂಮಿನ್ಯಾಗ ಆಕಿ ಪುಸ್ತಕ. ಟಿವಿ ಬಿಚ್ಚಿ ಅಟ್ಟಕ್ಕ ಹಾಕಿ. ಹೋದ ಸಲ ಪೇಪರ್ ಹಾಳಿ ತಿರುವಿದ್ರ 'ಡ್ಯಾಡೀ, ಸೌಂಡು' ಅಂದ್ಳು. ನೀ ನನಗ ಕಣ್ಣ ಮಾಡಿದಿ. ವಾಷಿಂಗ್ ಮಷೀನ್ ಪಕ್ಕ ಸ್ಟೂಲ್ ಹಾಕ್ಕೊಂಡ ಕೂತು ಬಂದೀನಿ ನಾನು, ಎರಡ ದಿನಾನೂ. ಇಲ್ಲಿ ಟಿವಿ ಬಡಕೊಂತೈತಿ, ಖರೆ. ಆದ್ರ ಆ ಮುದಕಿ ನನ್ನ ನೋಡಿದ ಕೂಡ್ಲೆ ಕುರ್ಚಿ ಒರಸಿ ಕೂಡ್ರಿ ಅಂತಾಳ."

ವಿಜಯವಾಡದಲ್ಲಿ ಇಂಟರ್ ಓದುವ ಮಕ್ಕಳ ಮನೆಗಳೆಲ್ಲ ಹಾಗೇ. ಎರಡು ವರ್ಷ ಟಿವಿ ಇಲ್ಲ, ನೆಂಟರಿಲ್ಲ, ಹಬ್ಬಕ್ಕೆ ಹೋಳಿಗೆಯೂ ಸದ್ದಿಲ್ಲದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಂಥ ಮನೆ ನಾಲ್ಕಿವೆ, ನಮ್ಮದೇ ಎಲ್ಲಕ್ಕಿಂತ ಶಿಸ್ತಿನದು ಎಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು. ಅವರ ಕುರ್ಚಿಯನ್ನು ಹಾಲಿನಿಂದ ತೆಗೆದವಳು ನಾನೇ. ಎಲ್ಲಿಟ್ಟೆ ಎಂದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಮನೆಯ ಪ್ರತಿಯೊಂದು ಚಮಚ ಎಲ್ಲಿದೆಯೆಂದು ಬಲ್ಲವಳಿಗೆ ಅದು ನೆನಪಾಗಲಿಲ್ಲ.

"ಪರೀಕ್ಷಿ ಮುಗದ ಮ್ಯಾಲೆ..." ಎಂದೆ.

"ಅದರ ಹಿಂದ ಎಂಟ್ರನ್ಸ್ ಇರತೈತಿ. ಅದರ ಹಿಂದ ಕೌನ್ಸೆಲಿಂಗ್."

"ಇರ್ಲಿ. ಟೇಬಲ್ ರೂಮಿಗೆ ಹೋಗತೈತಿ. ಹಾಲ್ ನಿಮ್ದು."

"ಖರೇನ?"

"ಖರೇ."

"ಆಕಿ ಅತ್ಲಂದ್ರ?"

"ಅಳ್ಳಿ. ರೂಮಿನ್ಯಾಗ ಕೂತು ಅಳ್ಳಿ."

ಈಗ ಸಂಶಯ ಅವರ ಮುಖಕ್ಕೆ ಬಂದಿತ್ತು. "ಬರದ ಕೊಡ್ತೀಯೇನು?" ಎಂದರು.

"ಮೊದಲ ನೀವ ಬರೀರಿ."

ಲ್ಯಾಪ್‌ಟಾಪ್ ತೆಗೆದರು. ನಾನು ಪಕ್ಕದಲ್ಲೇ ಕೂತೆ. ಒಂದು ಬೆರಳಲ್ಲಿ ಒತ್ತುತ್ತಾ ಹೋದರು, ನಾನು ಸಾಲು ಸಾಲೂ ಓದುತ್ತಾ ಹೋದೆ. ಬೇಕಾದ ಊರು ಮೂರು ಬರೆಯಲು ಜಾಗವಿತ್ತು. ಮೊದಲನೆಯದು ವಿಜಯವಾಡ ಎಂದು ಬರೆದು ಉಳಿದೆರಡು ಖಾಲಿ ಬಿಟ್ಟರು. ಯಾಕೆ ಎಂದೆ. ಮೂರು ಬರೆದರೆ ಮೂರನೆಯದಕ್ಕೇ 'ಕೇಳಿದ್ದನ್ನೇ ಕೊಟ್ಟೆವು' ಎಂದು ಹಾಕುತ್ತಾರೆ ಎಂದರು. ಅದು ನಿಜವೋ, ಖಾಲಿ ಬಿಟ್ಟರೆ ಅರ್ಜಿಯೇ ತಿರಸ್ಕಾರವಾಗುತ್ತದೋ ಎಂದು ಅವರ ಜೊತೆ ಕೆಲಸ ಮಾಡುವ ಕನ್ನಡದ ಇನ್ನೊಬ್ಬ ಅಧಿಕಾರಿಗೆ ನಾನೇ ಫೋನ್ ಮಾಡಿ ಕೇಳಿ ಖಾತ್ರಿ ಮಾಡಿಕೊಂಡೆ. ಕಾರಣ ಎಂಬ ಕಡೆ ಬಂದಾಗ ಎರಡು ಸಲ ಬರೆದು ಅಳಿಸಿದರು. ಕೊನೆಗೆ 'ಕುಟುಂಬದ ಜೊತೆ ವಾಸಕ್ಕಾಗಿ' ಎಂಬ ಅರ್ಥದ ಇಂಗ್ಲಿಷ್ ಸಾಲನ್ನು ಬರೆದು, ನನ್ನ ಮುಖ ನೋಡಿ, ಒತ್ತಿದರು. ಪರದೆಯ ಮೇಲೆ ನಂಬರು ಬರುವ ತನಕ ನಾನು ಎದ್ದೇಳಲಿಲ್ಲ. ಬಂದ ಮೇಲೆ ಅದನ್ನು ನನ್ನ ಫೋನಿನಲ್ಲಿ ಫೋಟೋ ತೆಗೆದುಕೊಂಡೆ.

"ಈಗರ ನಂಬತೀಯೇನ?"

"ಆರ್ಡರ್ ಬರ್ಲಿ."

ಮರುದಿನ ಪಟಮಟಕ್ಕೆ ಬಂದು ಮೊದಲು ಮಾಡಿದ ಕೆಲಸ ಟೇಬಲ್ ಎಳೆಯುವುದು. ಮಗಳು ಅಳಲಿಲ್ಲ. "ರೂಮಲ್ಲಿ ಫ್ಯಾನ್ ಚೆನ್ನಾಗದೆ, ನಾನೇ ಕೇಳೋಣ ಅಂತಿದ್ದೆ" ಎಂದಳು. ಎರಡು ವರ್ಷ ಯಾಕೆ ಕೇಳಲಿಲ್ಲವೇ ಎಂದರೆ, "ನೀನು ಬೈತೀಯ ಕದಾ" ಎಂದಳು. ಅವರ ಕುರ್ಚಿ ಹಿಂದಿನ ಬಾಲ್ಕನಿಯಲ್ಲಿ ಒಣಗಿದ ಬಟ್ಟೆಯ ರಾಶಿಯ ಕೆಳಗೆ ಸಿಕ್ಕಿತು.

ಆರ್ಡರು ಬೇಸಿಗೆಯಲ್ಲಿ ಬಂತು. ವಿಜಯವಾಡ ಅಲ್ಲ, ಗುಡಿವಾಡ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಹೆಡ್‌ಫೋನು ಗಾಜುವಾಕದಲ್ಲೇ ಉಳಿಯಿತು. ಅದು ಈಗ ಎರಡು-ಮೂರರ ತಲೆಗೆ ಪಳಗಿದ ಸಾಮಾನು. ಅಟ್ಟದಿಂದ ಟಿವಿ ಇಳಿಸಿ ಕೇಬಲ್ ಹಾಕಿಸಿದೆವು. ಸಂಜೆ ಏಳಕ್ಕೆ ಅವರು ಕೈಕಾಲು ತೊಳೆದು ಹಾಲಿನಲ್ಲಿ ಕೂತು ಮುದುಕಿಯ ಆ ತೆಲುಗು ಧಾರಾವಾಹಿ ಹಚ್ಚುತ್ತಾರೆ. ಏನಿದೆ ಅದರಲ್ಲಿ ಅಂಥದ್ದು ಎಂದು ನೋಡಲು ನಾನೂ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರತೊಡಗಿದೆ.

"ಆಕಿ ಯಾರ್ರಿ, ಕಬ್ಬಿಣದ ಕಪಾಟ ಮುಂದ ನಿಂತಾಕಿ?"

"ಹಿರೇ ಅತ್ತಿಗಿ. ಭಾಳ ಚಲೋ ಹೆಂಗಸು."

"ಚಲೋ ಹೆಂಗಸಾದ್ರ ಕಪಾಟ ತಗ್ಯೂದಕ್ಕ ಮೊದ್ಲ ಹಿಂದ ಹೊಳ್ಳಿ ಯಾಕ ನೋಡ್ತಾಳ?"

"ಸುಮ್ಮ ನೋಡು."

ಸುಮ್ಮನೆ ನೋಡಿದೆ. ಅವಳು ಮತ್ತೊಮ್ಮೆ ಹೊರಳಿ ನೋಡಿದಳು. ನಾನು ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡೆ.